ಹನಿಮೂನಿಗೆ ಎಷ್ಟು ಹೋಟೆಲ್ ಬೇಕು ಸ್ವಾಮಿ?

ಹೋದ ವಾರ ನಮ್ಮ ಟೀಮಿನ ಹುಡುಗನೊಬ್ಬ ಕಾಫಿ ಮಷೀನ್ ಹತ್ತಿರ ನನ್ನನ್ನ ಹಿಡ್ಕೊಂಡ. ಏಪ್ರಿಲ್‌ನಲ್ಲಿ ಮದುವೆ, ಮೇ ತಿಂಗಳಲ್ಲಿ ಸ್ಯಾಂಟೊರಿನಿ. "ಬ್ರೋ, ನಿಮ್ಮ ಶೀಟ್ ಕಳ್ಸಿ ಪ್ಲೀಸ್" ಅಂದ.

ಶೀಟ್ ಅಂದ್ರೆ ನನ್ನ ಹನಿಮೂನಿನ ಎಕ್ಸೆಲ್ ಶೀಟ್. ಆಫೀಸಿನಲ್ಲಿ ಅದಕ್ಕೊಂದು ಹೆಸರಿದೆ, ನಾನು ಬರೆದ ಕೋಡಿಗೂ ಅಷ್ಟು ಹೆಸರಿಲ್ಲ. ಏಳು ರಾತ್ರಿ, ನಾಲ್ಕು ಹೋಟೆಲ್. ವ್ಯೂ, ಪೂಲ್, ತಿಂಡಿ, ಕ್ಯಾನ್ಸಲ್ ಮಾಡೋ ಕೊನೆ ದಿನ, ರೇಟಿಂಗ್ ಎಲ್ಲಕ್ಕೂ ಒಂದೊಂದು ಕಾಲಂ. ಮದುವೆಗೆ ಮುಂಚೆ ಹುಡುಗಿ ಜೊತೆ ಫೋನಲ್ಲಿ ಮಾತಾಡಿದ್ದಕ್ಕಿಂತ ಜಾಸ್ತಿ ಹೊತ್ತು ಆ ಶೀಟ್ ಜೊತೆ ಕಳೆದಿದ್ದೀನಿ. ಹೆಮ್ಮೆಯಿಂದ ಹೇಳ್ತಿಲ್ಲ. ಈಗ ಅದನ್ನ ಯಾರು ಕೇಳಿದ್ರೂ ಹೊಟ್ಟೆ ಉರಿಯುತ್ತೆ, ಅದಕ್ಕೇ ಈ ಬರಹ.

ಒಂದು ಮಾತು ನೇರವಾಗಿ ಹೇಳಿಬಿಡ್ತೀನಿ. ಹನಿಮೂನಿಗೆ ಹೋಗಿ ಎರಡೆರಡು ದಿನಕ್ಕೆ ಹೋಟೆಲ್ ಬದಲಾಯಿಸೋದು ಶುದ್ಧ ದಡ್ಡತನ. ಅದರಲ್ಲೂ ಅಂಗೈ ಅಗಲದ ದ್ವೀಪದಲ್ಲಿ.

ಈ ರೋಗ ಶುರುವಾಗೋದು ವೀಸಾ ಅರ್ಜಿಯಿಂದ. ಶೆಂಗೆನ್ ವೀಸಾಗೆ ತಲಾ 90 ಯೂರೋ ಕೊಟ್ಟು, ಅಲ್ಲಿ ಕಳೆಯೋ ಒಂದೊಂದು ರಾತ್ರಿಗೂ ಎಲ್ಲಿ ಮಲಗ್ತೀವಿ ಅಂತ ಕಾಗದ ತೋರಿಸಬೇಕು. ಅವರು ಕೇಳೋದು ಮಲಗೋಕೆ ಜಾಗ ಇದೆಯಾ ಅಂತ ಅಷ್ಟೇ. ಪ್ರತಿ ರಾತ್ರಿಗೂ ಬೇರೆ ಬೇರೆ ಜಾಗ ಬೇಕು ಅಂತ ಗ್ರೀಸ್ ದೇಶದವರು ಯಾವ ಫಾರಂನಲ್ಲೂ ಕೇಳಿಲ್ಲ. ಅದು ನಾವೇ ಸೇರಿಸಿಕೊಂಡ ರಿಕ್ವೈರ್‌ಮೆಂಟು.

ನಮ್ಮ ಮದುವೆ 2024ರ ಆಗಸ್ಟ್ ಕೊನೆಯಲ್ಲಿ. ಹೊರಟಿದ್ದು ಸೆಪ್ಟೆಂಬರ್ ಕೊನೆಗೆ, ಸರಿಯಾಗಿ ಪಿತೃಪಕ್ಷದಲ್ಲಿ. "ಪಕ್ಷದಲ್ಲಿ ಯಾರಾದ್ರೂ ಹೊಸ ಸೊಸೇನ ಕರ್ಕೊಂಡು ಸಮುದ್ರ ದಾಟ್ತಾರೇನೋ" ಅಂತ ಅವ್ವ ಗೊಣಗಿದ್ದು ಇನ್ನೂ ಕಿವಿಯಲ್ಲಿದೆ. ನನ್ನ ಪ್ಲಾನ್ ಹೀಗಿತ್ತು: ಮೊದಲೆರಡು ರಾತ್ರಿ ಕಮಾರಿಯ ಕಪ್ಪು ಮರಳಿನ ಬೀಚ್, ಆಮೇಲೆರಡು ಫಿರಾ ಪಟ್ಟಣ, ಒಂದು ರಾತ್ರಿ ಇಯಾ, ಕೊನೆಗೆರಡು ಪಿರ್ಗೋಸ್ ಹಳ್ಳಿ. ಇಯಾದ ಆ ಒಂದು ರಾತ್ರಿಯೇ ಕಿರೀಟ. ಕ್ಯಾಲ್ಡೆರಾ ವ್ಯೂ, ರೂಮಿನ ಮುಂದೇ ಪುಟ್ಟ ಪೂಲ್. ಕ್ಯಾಲ್ಡೆರಾ ಅಂದ್ರೆ ಜ್ವಾಲಾಮುಖಿ ಸಿಡಿದು ಕುಸಿದ ಜಾಗಕ್ಕೆ ಕಡಲು ನುಗ್ಗಿ ಆದ ಆ ದೊಡ್ಡ ಬಟ್ಟಲು. ಫೋಟೋಗಳಲ್ಲಿ ನೀವೆಲ್ಲ ನೋಡಿರೋ ಬಿಳಿ ಮನೆ, ನೀಲಿ ಗುಮ್ಮಟ ಎಲ್ಲಾ ಅದರ ಅಂಚಿನಲ್ಲೇ. ಆ ಒಂದು ರಾತ್ರಿಯ ಬಾಡಿಗೆ ನನ್ನ ಹೋಮ್ ಲೋನ್ ಇಎಂಐಗಿಂತ ಜಾಸ್ತಿ. ಅವ್ವನಿಗೆ ಇವತ್ತಿಗೂ ಗೊತ್ತಿಲ್ಲ, ನೀವೂ ಹೇಳಬೇಡಿ.

ಈಗ ಲೆಕ್ಕ ನೋಡಿ. ಚೆಕ್‌ಔಟ್ ಬೆಳಿಗ್ಗೆ 11ಕ್ಕೆ, ಚೆಕ್‌ಇನ್ ಮಧ್ಯಾಹ್ನ 3ಕ್ಕೆ. ಹತ್ತಕ್ಕೇ ಬಟ್ಟೆ ಮಡಚೋಕೆ ಕೂರಬೇಕು. ಹೊಸ ರೂಮಿಗೆ ಹೋಗಿ, ಸೂಟ್‌ಕೇಸ್ ಬಿಚ್ಚಿ, ಸ್ನಾನ ಮಾಡಿ ಮನುಷ್ಯರಾಗುವಾಗ ನಾಲ್ಕೂವರೆ. ಒಂದು ಸಲಕ್ಕೆ ಆರೂವರೆ ಗಂಟೆ, ಮೂರು ಸಲಕ್ಕೆ ಹತ್ತೊಂಬತ್ತೂವರೆ. ಏಳು ದಿನದಲ್ಲಿ ಎಚ್ಚರ ಇರೋದು ದಿನಕ್ಕೆ ಹದಿನಾರು ಗಂಟೆಯಂತೆ 112 ಗಂಟೆ. ಅದರಲ್ಲಿ ನೂರಕ್ಕೆ 17ರಷ್ಟು ನಾವು ಯಾವ ಊರಿನವರೂ ಅಲ್ಲ, ಯಾವ ರೂಮಿನವರೂ ಅಲ್ಲ. ಬಸ್‌ಸ್ಟ್ಯಾಂಡಿನ ಕಟ್ಟೆ ಮೇಲೆ ಎರಡು ಸೂಟ್‌ಕೇಸ್ ಕಾಯ್ಕೊಂಡು ಕೂತ ಹೊಸ ಜೋಡಿ. ಆಫೀಸಿನಲ್ಲಿ ಒಂದು ಸರ್ವರ್ ಇಷ್ಟು ಡೌನ್‌ಟೈಮ್ ಕೊಟ್ಟಿದ್ರೆ ನನ್ನ ಅಪ್ರೈಸಲ್ ಕಥೆ ಮುಗೀತಿತ್ತು.

ಐದನೇ ದಿನದ ಕಥೆ ಹೇಳ್ತೀನಿ, ಕಿರೀಟದ ದಿನ.

ಇಯಾದಲ್ಲಿ ಗಾಡಿಗಳು ಮೇಲಿನ ರಸ್ತೆಗೇ ನಿಲ್ತವೆ. ಅಲ್ಲಿಂದ ಕೆಳಗೆ ಬರೀ ಮೆಟ್ಟಿಲು. ಹೋಟೆಲ್ ಕಡೆಯಿಂದ ಬಂದ ಒಬ್ಬ ನಮ್ಮ ಎರಡೂ ಸೂಟ್‌ಕೇಸ್ ಎತ್ಕೊಂಡ, ಒಂದು ಹೆಗಲ ಮೇಲೆ, ಒಂದು ಕೈಯಲ್ಲಿ. ನನಗಿಂತ ವಯಸ್ಸಾದವನು. ನಮ್ಮೂರಲ್ಲಿ ಶೇಂಗಾ ಮೂಟೆ ಹೊತ್ತು ಬೆಳೆದ ನನಗೆ ಕೈಬೀಸಿಕೊಂಡು ಅವನ ಹಿಂದೆ ಇಳಿಯೋದು ಹೇಗೆ ಅಂತ ಗೊತ್ತಾಗಲಿಲ್ಲ. ಕೊಡಿ ಅಂದೆ. ಅವನು ನಕ್ಕು ಬೇಡ ಅಂದ. ನಾಳೆ ಹನ್ನೊಂದಕ್ಕೆ ಇದೇ ಸೂಟ್‌ಕೇಸನ್ನ ಇದೇ ಮೆಟ್ಟಿಲು ಹತ್ತಿಸಬೇಕಾದವನೂ ಅವನೇ.

ರೂಮು ಸಿಕ್ಕಾಗ 3.20. ಸೂಟ್‌ಕೇಸ್ ಬಿಚ್ಚಿದವಳೇ ನನ್ನ ಹೆಂಡತಿ ಬಿಳಿಚಿಕೊಂಡಳು. ಅವಳಜ್ಜಿ ಮದುವೆಗೆ ಅಂತ ಕೊಟ್ಟ ಬೆಂಡೋಲೆಯಲ್ಲಿ ಒಂದು ಇಲ್ಲ. ಫಿರಾದ ಹೋಟೆಲಿನಲ್ಲಿ ಬೆಳಿಗ್ಗೆ ಸ್ನಾನಕ್ಕೆ ಹೋಗುವಾಗ ಬಿಚ್ಚಿಟ್ಟಿದ್ದಂತೆ. "ಹತ್ತಾಯ್ತು, ಬೇಗ ಬೇಗ ಅಂತ ತಲೆ ತಿಂದಿದ್ದು ನೀವು" ಅಂದಳು. ನಿಜ. ನಾನು ಬಾಗಿಲಲ್ಲಿ ನಿಂತು ಗಡಿಯಾರ ನೋಡ್ತಿದ್ದೆ. ಆದರೂ ಸುಮ್ಮನಿರದೆ "ಒಂದು ಓಲೆ ನೋಡ್ಕೊಳ್ಳೋಕೆ ಆಗಲ್ವಾ" ಅಂದುಬಿಟ್ಟೆ. ಮದುವೆಯಾಗಿ ಒಂದು ತಿಂಗಳು. ಅದು ನಮ್ಮ ಮೊದಲ ಜಗಳ. ಎದುರಿಗೆ ಜಗತ್ತೇ ಫೋಟೋ ತೆಗೆಯೋಕೆ ಬರೋ ಕಡಲು.

ಫೋನ್ ಮಾಡಿದ್ವಿ. ಸಿಕ್ಕಿದೆ, ಬಂದು ತಗೊಳ್ಳಿ ಅಂದ್ರು. ಬಸ್ಸಿನಲ್ಲಿ 11 ಕಿಲೋಮೀಟರ್ ವಾಪಸ್, ಇಬ್ಬರೂ ಮಾತಿಲ್ಲ. ಬೆಳಿಗ್ಗೆ ನಮ್ಮ ರೂಮು ತೆಗೆದ ಹೆಂಗಸು ಓಲೆಯನ್ನ ಟಿಶ್ಯೂ ಪೇಪರಿನಲ್ಲಿ ಸುತ್ತಿ ಏಪ್ರನ್ ಜೇಬಿನಲ್ಲಿ ಇಟ್ಕೊಂಡು ಕಾದಿದ್ರು. ಅಲ್ಬೇನಿಯಾದವರಂತೆ, ನಮ್ಮವ್ವನ ವಯಸ್ಸು. ಒಗೆಯೋಕೆ ಹಾಕುವ ಮುಂಚೆ ಬೆಡ್‌ಶೀಟ್ ಕೊಡವಿದಾಗ ಬಿತ್ತಂತೆ. ಅವತ್ತು ಅವರ ಪಾಲಿಗೆ ಬಂದಿದ್ದೆಲ್ಲಾ ಚೆಕ್‌ಔಟ್ ರೂಮುಗಳೇ. ಉಳ್ಕೊಂಡಿರೋರ ರೂಮಾದ್ರೆ ಹಾಸಿಗೆ ಸರಿಮಾಡಿ, ಕಸ ತೆಗೆದು ಮುಂದಕ್ಕೆ ಹೋಗಬಹುದು. ಖಾಲಿಯಾದ ರೂಮಾದ್ರೆ ಶೀಟು, ಟವೆಲು, ದಿಂಬಿನ ಕವರು ಎಲ್ಲಾ ಬದಲಾಗಬೇಕು, ಬಚ್ಚಲು ಉಜ್ಜಬೇಕು, ಮುಂದಿನವರು ಬರೋ ಮೂರು ಗಂಟೆಯೊಳಗೆ. ಅವರು ಹರಕು ಇಂಗ್ಲಿಷಿನಲ್ಲಿ, ಕೈಸನ್ನೆಯಲ್ಲಿ ಹೇಳಿದ್ದು ಇಷ್ಟೇ. ದೂರು ಥರ ಏನೂ ಹೇಳಲಿಲ್ಲ. ನನ್ನ ಹೆಂಡತಿ ಅವರ ಕೈ ಹಿಡ್ಕೊಂಡು ಅತ್ತಳು. ನನ್ನ ಶೀಟಿನಲ್ಲಿ ಅವರಿಗೆ ಯಾವ ಕಾಲಮ್ಮೂ ಇರಲಿಲ್ಲ.

ನಾವಿಬ್ಬರು ಏಳು ರಾತ್ರಿ ಒಂದೇ ಕಡೆ ಇದ್ದಿದ್ರೆ ಈ ಪೂರಾ ತೊಳೆಯೋ ಕೆಲಸ ಒಂದು ಸಲ. ನಾಲ್ಕು ಹೋಟೆಲ್ ಅಂದ್ರೆ ನಾಲ್ಕು ಸಲ. ಅದೂ ಎಂಥಾ ಊರಲ್ಲಿ? ಸ್ಯಾಂಟೊರಿನಿಯಲ್ಲಿ ಹೊಳೆ ಇಲ್ಲ. ಹಿಂದಿನವರು ಚಾವಣಿ ಮೇಲೆ ಬಿದ್ದ ಮಳೆ ನೀರನ್ನ ನೆಲದೊಳಗಿನ ತೊಟ್ಟಿಗೆ ಇಳಿಸಿ ವರ್ಷಪೂರ್ತಿ ಬಳಸ್ತಿದ್ರು. ಈಗ ಕಡಲ ನೀರಿನ ಉಪ್ಪು ತೆಗೆದು ನಲ್ಲಿಗೆ ಬಿಡ್ತಾರೆ. ನಾನು ಚಳ್ಳಕೆರೆ ಕಡೆಯವನು. ಟ್ಯಾಂಕರ್ ಸದ್ದಿಗೆ ಬಿಂದಿಗೆ ಹಿಡ್ಕೊಂಡು ಓಡಿದವನು, ಮುಖ ತೊಳೆದ ನೀರು ಕರಿಬೇವಿನ ಬುಡಕ್ಕೆ ಹೋಗಬೇಕು ಅಂತ ಬೈಸ್ಕೊಂಡವನು. ಅಂಥವನು ಹೋಗಿ, ನೀರಿಲ್ಲದ ದ್ವೀಪದಲ್ಲಿ ಇಎಂಐ ದುಡ್ಡು ಕೊಟ್ಟು ಖಾಸಗಿ ಪೂಲಿನ ರೂಮು ಹಿಡಿದಿದ್ದೆ.

ಖಾಸಗಿ ಅನ್ನೋದೂ ಮಾತಿಗೆ ಅಷ್ಟೇ. ಇಯಾದಲ್ಲಿ ಒಬ್ಬರ ಚಾವಣಿ ಮೇಲೆ ಇನ್ನೊಬ್ಬರ ಅಂಗಳ. ಮೇಲಿನ ಓಣಿಯಲ್ಲಿ ನಿಂತೋರಿಗೆ ನಮ್ಮ ಪೂಲು ತಟ್ಟೆಯಲ್ಲಿಟ್ಟ ಹಾಗೆ ಕಾಣ್ತಿತ್ತು. ಬಂದ ತಕ್ಷಣವೇ ಯಾರೋ ಸೆಲ್ಫಿ ಸ್ಟಿಕ್ ಹಿಡಿದು ನಿಂತಿದ್ರು. "ನಾನು ಇಳಿಯಲ್ಲ ರೀ, ಅವರೆಲ್ಲ ನೋಡ್ತಿದಾರೆ" ಅಂದಳು. ಪೂಲಿಗೆ ನಾನೊಬ್ಬನೇ ಇಳಿದೆ, ಮಾರನೇ ದಿನ ಬೆಳಿಗ್ಗೆ, ಕೊಟ್ಟ ದುಡ್ಡಿಗೋಸ್ಕರ. ನೀರು ಕೊರೀತಿತ್ತು. ಇನ್ನು ಆ ಸೂರ್ಯಾಸ್ತ? ಅದು ಮುಗಿಯೋ ಹೊತ್ತಿಗೆ ನಾವು ಫಿರಾದಿಂದ ವಾಪಸ್ ಬರೋ ಬಸ್ಸಿನಲ್ಲಿ, ನಿಂತ್ಕೊಂಡು.

ಆ ರೂಮಿನ ಬಗ್ಗೆ ಒಂದು ಮಾತು. ಗೋಡೆಯಲ್ಲಿದ್ದ ಹಳೇ ಫೋಟೋ ನೋಡಿ ಕೇಳಿದಾಗ ರಿಸೆಪ್ಷನ್ನಿನ ಹುಡುಗಿ ಹೇಳಿದಳು, ಇದು ಹಡಗಿನ ಕೂಲಿಯವನೊಬ್ಬನ ಮನೆಯಾಗಿತ್ತಂತೆ. ಹಿಂದೆ ಇಯಾದಲ್ಲಿ ಹಡಗಿನ ಯಜಮಾನರ ದೊಡ್ಡ ಮನೆಗಳು ಮೇಲಿದ್ದವು. ಅವರ ಹಡಗಿನ ಆಳುಗಳು ಕೆಳಗಿನ ಇಳಿಜಾರಿನಲ್ಲಿ ಜ್ವಾಲಾಮುಖಿ ಬೂದಿಯ ಗುಡ್ಡ ಕೊರೆದು ಗುಹೆ ಥರದ ಮನೆ ಮಾಡ್ಕೊಂಡಿದ್ರು. ಕಟ್ಟೋಕೆ ದುಡ್ಡಿಲ್ಲ, ಕೊರೆಯೋದು ಅಗ್ಗ. 1956ರ ಜುಲೈ 9ರಂದು ಭೂಕಂಪ ಆಯ್ತು. ದ್ವೀಪದಲ್ಲಿ 50ಕ್ಕೂ ಹೆಚ್ಚು ಜನ ಸತ್ತರು, ಬದುಕಿದವರಲ್ಲಿ ಬಹಳಷ್ಟು ಜನ ಊರು ಬಿಟ್ಟು ಹೋದರು. ಎಪ್ಪತ್ತರ ದಶಕದಿಂದ ಸರ್ಕಾರದ ಪ್ರವಾಸೋದ್ಯಮ ಸಂಸ್ಥೆಯೇ ಪಾಳು ಬಿದ್ದ ಕೆಲವು ಗುಹೆಮನೆಗಳನ್ನ ರಿಪೇರಿ ಮಾಡಿ ಅತಿಥಿಗಳಿಗೆ ಕೊಡೋಕೆ ಶುರು ಮಾಡ್ತು. ಬಡವರು ಬಿಟ್ಟು ಹೋದ ಬಿಲಗಳೇ ಈಗ 'ಕೇವ್ ಸ್ವೀಟ್'. ಸುಮಾರು 15,500 ಜನ ಇರೋ ದ್ವೀಪಕ್ಕೆ 2023ರಲ್ಲಿ ಸುಮಾರು 34 ಲಕ್ಷ ಪ್ರವಾಸಿಗರು ಬಂದ್ರು ಅಂತ ಅಂದಾಜು. ಒಂದೂರಿನ ಅಷ್ಟು ಬದುಕು ಕೊರೆದು ಮಾಡಿದ ಗೋಡೆಯೊಳಗೆ ನಾವಿದ್ದಿದ್ದು ಇಪ್ಪತ್ತು ಗಂಟೆ. ಅದರಲ್ಲಿ ಎಂಟು ನಿದ್ದೆ, ನಾಲ್ಕು ಓಲೆ, ಉಳಿದಿದ್ದು ಮುನಿಸು.

ನನಗೆ ಬರೋ ಉತ್ತರಗಳು ಗೊತ್ತು. "ಒಂದೇ ಹೋಟೆಲ್ ಹಿಡಿದು ಅದು ಕೆಟ್ಟದಾಗಿದ್ರೆ? ರಿಸ್ಕ್ ಹಂಚಬೇಕು ಬ್ರೋ." ಇದು ಮ್ಯೂಚುವಲ್ ಫಂಡ್ ಅಲ್ಲಪ್ಪ. ಕೆಟ್ಟದಾಗಿದ್ರೆ ಅವತ್ತು ಬದಲಾಯಿಸು, ಯಾರು ಬೇಡ ಅಂದ್ರು? ಮೊದಲೇ ಮೂರು ಸಲ ಬದಲಾಯಿಸ್ತೀನಿ ಅಂತ ದುಡ್ಡು ಕಟ್ಟಿ ಹೋಗೋದ್ಯಾಕೆ? "ದ್ವೀಪದ ಬೇರೆ ಬೇರೆ ಭಾಗ ನೋಡಬೇಕಲ್ಲ" ಅಂತಾರೆ. ಇಡೀ ದ್ವೀಪ ಸುಮಾರು 76 ಚದರ ಕಿಲೋಮೀಟರ್. ಎಲ್ಲಿದ್ರೂ ಬೆಳಿಗ್ಗೆ ಬಸ್ ಹತ್ತಿ ಎಲ್ಲಾ ನೋಡಿ ರಾತ್ರಿ ಊಟಕ್ಕೆ ವಾಪಸ್ ಬರಬಹುದು. ಕ್ರೀಟ್ ಆದ್ರೆ ಒಪ್ತೀನಿ. ಅದು ಸುಮಾರು 260 ಕಿಲೋಮೀಟರ್ ಉದ್ದ, ಹಾನಿಯಾದಿಂದ ಹೆರಾಕ್ಲಿಯೋನ್‌ಗೇ 140 ಕಿಲೋಮೀಟರ್. ಅಲ್ಲಿ ಎರಡು ಕಡೆ ಇರಿ. ಇಲ್ಲಿ ಹೋಟೆಲ್ ಬದಲಾಯಿಸೋದು ಊರು ನೋಡೋಕಲ್ಲ ಸ್ವಾಮಿ, ಫೋಟೋದ ಹಿಂದಿನ ಪರದೆ ಬದಲಾಯಿಸೋಕೆ. ನಾಟಕದ ಕಂಪನಿಯವರೂ ಪರದೆ ಎಳೀತಿದ್ರು, ಆದರೆ ಅವರು ಪಾತ್ರಧಾರಿಗಳನ್ನ ಮೂಟೆ ಕಟ್ಟಿ ಓಡಿಸ್ತಿರಲಿಲ್ಲ.

ನಮ್ಮೂರಲ್ಲಿ ನೆಂಟರ ಮನೆಗೆ ಹೋದ್ರೆ ಮೊದಲ ದಿನ ಮರ್ಯಾದೆ, ಚಾಪೆ, ಕಾಫಿ. ಎರಡನೇ ದಿನ ಮಾತು. ಮೂರನೇ ದಿನ "ಸುಮ್ನೆ ಕೂತಿದ್ದೀಯಲ್ಲ, ಆ ಶೇಂಗಾ ಸುಲಿ" ಅಂತ ಮುಂದಕ್ಕೆ ತಳ್ತಾರೆ. ಆ ಶೇಂಗಾ ಬಂದಾಗಲೇ ನೀನು ಆ ಮನೆಯವನಾಗಿದ್ದು. ಹೋಟೆಲ್ ಹಾರೋರಿಗೆ ಜನ್ಮದಲ್ಲಿ ಮೂರನೇ ದಿನ ಬರಲ್ಲ. ಮತ್ತೆ ಮತ್ತೆ ಮೊದಲನೇ ದಿನವೇ: ವೆಲ್ಕಮ್ ಡ್ರಿಂಕು, ವೈಫೈ ಪಾಸ್‌ವರ್ಡು, ತಿಂಡಿ ಎಂಟರಿಂದ ಹತ್ತೂವರೆ. ಗಂಡ ಹೆಂಡತಿ ವಿಷಯವೂ ಅಷ್ಟೇ. ಮನೆಯವರು ನೋಡಿ ಮಾಡಿದ ಮದುವೆ ನಮ್ಮದು. ಅವಳು ಬೆಳಿಗ್ಗೆ ಎದ್ದು ಅರ್ಧ ಗಂಟೆ ಯಾರ ಜೊತೆಗೂ ಮಾತಾಡಲ್ಲ ಅಂತ ನನಗೆ ಗೊತ್ತಾಗಿದ್ದು ಬೆಂಗಳೂರಿಗೆ ಬಂದ ಮೇಲೆ. ಅಲ್ಲಿ ಆ ಅರ್ಧ ಗಂಟೇಲಿ ನಾನು ಚಾರ್ಜರ್ ಹುಡುಕ್ತಿದ್ದೆ.

ಕೊನೆಯ ಎರಡು ರಾತ್ರಿ ಪಿರ್ಗೋಸ್. ಶೀಟಿನಲ್ಲಿ ಅತಿ ಕಡಿಮೆ ಮಾರ್ಕ್ಸ್ ತಗೊಂಡ ಜಾಗ. ವ್ಯೂ ಇಲ್ಲ, ಪೂಲ್ ಇಲ್ಲ, ದುಡ್ಡು ಉಳಿಸೋಕೆ ಹಾಕಿದ್ದು. ವಯಸ್ಸಾದ ಹೆಂಗಸೊಬ್ಬರ ಮನೆ, ಹಿಂದೆ ಮೂರು ರೂಮು. ಮೇಲಿನ ಓಣಿಯಿಂದ ಇಣುಕೋರು ಯಾರೂ ಇಲ್ಲ. ಎರಡನೇ ದಿನ ರಾತ್ರಿ ಅವರೇ ಕರೆದು ಹಳದಿ ಬೇಳೆಯದೊಂದು ಗಟ್ಟಿ ಮುದ್ದೆ ಕೊಟ್ರು, ಮೇಲೆ ಹಸಿ ಈರುಳ್ಳಿ, ಆಲಿವ್ ಎಣ್ಣೆ. ಅಲ್ಲಿ ಅದಕ್ಕೆ ಫಾವಾ ಅಂತಾರೆ, ಆ ದ್ವೀಪದ ಹೆಸರಾಂತ ಬೆಳೆ. ಒಂದು ತುತ್ತು ತಿಂದು ನನ್ನ ಹೆಂಡತಿ ಜೋರಾಗಿ ನಕ್ಕಳು. "ರೀ, ಇದು ತೊವ್ವೆ ಕಣ್ರೀ! ಒಗ್ಗರಣೆ ಒಂದಿಲ್ಲ." ಜಗಳ ಆದಮೇಲೆ ಅವಳು ಪೂರ್ತಿ ಬಾಯಿಬಿಟ್ಟು ನಕ್ಕಿದ್ದು ಅದೇ ಮೊದಲು. ಸಾಸಿವೆ ಸಿಗುತ್ತಾ, ಒಗ್ಗರಣೆ ಹಾಕಿ ತೋರಿಸ್ತೀನಿ ಅಂತ ಕೈಸನ್ನೆಯಲ್ಲೇ ಕೇಳಿದಳು. ಆ ಅಮ್ಮನಿಗೆ ಏನರ್ಥ ಆಯ್ತೋ, ಒಲೆ ತೋರಿಸಿ ನಾಳೆ ಬಾ ಅಂದ್ರು. ಮರುದಿನ 11ಕ್ಕೆ ಚೆಕ್‌ಔಟ್, ಎರಡಕ್ಕೆ ಫ್ಲೈಟು.

ಇಷ್ಟನ್ನೂ ಕಾಫಿ ಮಷೀನ್ ಹತ್ತಿರ ಆ ಹುಡುಗನಿಗೆ ಹೇಳಿದೆ. ಗಮನ ಇಟ್ಟು ಕೇಳಿದ. ಶೀಟ್ ಕೂಡ ಕಳಿಸಿದೆ, ಪಿರ್ಗೋಸ್ ಒಂದು ಸಾಲು ಬಿಟ್ಟು ಉಳಿದದ್ದೆಲ್ಲಾ ಅಳಿಸಿ. ನಿನ್ನೆ ಮೆಸೇಜ್ ಬಂತು: "ಥ್ಯಾಂಕ್ಸ್ ಬ್ರೋ, ಪಿರ್ಗೋಸ್ ಕೂಡ ಆಡ್ ಮಾಡಿದೆ. ಈಗ ಟೋಟಲ್ ಐದು."