ಗುಳಿಗೆಯ ಜೊತೆ ಎಚ್ಚರಿಕೆಯನ್ನೂ ಕೊಡಿ



ಎದೆಬಡಿತದ ಏರುಪೇರಿಗೆಂದು ಅಪ್ಪನಿಗೆ ಅಮಿಯೊಡರೋನ್ ಗುಳಿಗೆ ಬರೆದುಕೊಟ್ಟಿದ್ದರು. ಆಮೇಲೆ ಬಂದ ಒಣಕೆಮ್ಮಿಗೆ ಸಿರಪ್ ಕೊಟ್ಟರು, ಏದುಸಿರಿಗೆ ವಯಸ್ಸಾಯಿತು ಎಂದರು. ಗುಳಿಗೆಯೇ ಶ್ವಾಸಕೋಶವನ್ನು ಕೆಡಿಸಿದೆ ಎಂದು ಗೊತ್ತಾಗುವಷ್ಟರಲ್ಲಿ ಕಾಲ ಮಿಂಚಿತ್ತು. ನಿಲ್ಲಿಸಿದ ಮೇಲೂ ಈ ಔಷಧ ವಾರ, ತಿಂಗಳುಗಟ್ಟಲೆ ಮೈಯಲ್ಲಿ ಉಳಿಯುತ್ತದೆ. ಅಪ್ಪ ತೀರಿಕೊಂಡರು.

ಅನೇಕರ ಜೀವ ಕಾಯುವ ಔಷಧವಿದು, ಹೆದರಿ ಯಾರೂ ತಾವೇ ನಿಲ್ಲಿಸಬಾರದು. ಆದರೆ ಮೊದಲೇ ಎದೆಯ ಎಕ್ಸ್‌ರೇ, ನಂತರ ಆಗಾಗ ಥೈರಾಯ್ಡ್, ಲಿವರ್ ಪರೀಕ್ಷೆ ಬೇಕು, ಕೆಮ್ಮು ಬಂದರೆ ತಕ್ಷಣ ಬನ್ನಿ ಎಂದು ಕನ್ನಡದಲ್ಲೊಂದು ಚೀಟಿ ಕೊಡಲು ಏನು ಕಷ್ಟ? ಅಡ್ಡಪರಿಣಾಮವನ್ನು ಮನೆಯವರೇ ಭಾರತೀಯ ಫಾರ್ಮಕೋಪಿಯಾ ಆಯೋಗದ 1800-180-3024 ಸಂಖ್ಯೆಗೆ ಉಚಿತವಾಗಿ ಕರೆಮಾಡಿ ತಿಳಿಸಬಹುದು. ಈ ಸಂಖ್ಯೆಯನ್ನು ಪ್ರತಿ ಮೆಡಿಕಲ್ ಶಾಪ್‌ನಲ್ಲೂ ಕಣ್ಣಿಗೆ ಬೀಳುವಂತೆ ಹಾಕಿಸಿ.

— ನೊಂದ ಮಗಳು, ಶಿವಮೊಗ್ಗ