ವಿಳಾಸ ಬದಲಿಸಿ ಅಂದ ಕೂಡಲೇ 'ಹೂಂ ರೀ' ಅನ್ನೋದು ಬಿಡೋಣ



ಒಳಮೀಸಲಾತಿ, ಸ್ಮಶಾನ ಭೂಮಿ, ಹಾಸ್ಟೆಲ್ ಅಂತ ಬರೀತಿದ್ದವ ಇವತ್ತ ಪಾರ್ಸಲ್ ಬಗ್ಗೆ ಯಾಕ ಬರಿಯಾಕತ್ತಾನ ಅಂತ ಕೆಲವರಿಗೆ ಅನಿಸಬಹುದು. ಪೋಸ್ಟ್ ಉದ್ದ ಐತಿ, ಪೂರ್ತಿ ಓದ್ರಿ. ಇದೂ ನಮ್ಮ ಹೊಟ್ಟೆಯ ಪ್ರಶ್ನೆ, ನಮ್ಮ ಮರ್ಯಾದೆಯ ಪ್ರಶ್ನೆ.

ನಮ್ಮ ರಾಯಬಾಗ, ಅಥಣಿ, ಚಿಕ್ಕೋಡಿ, ನಿಪ್ಪಾಣಿ ಭಾಗದಲ್ಲಿ ಕೊಲ್ಹಾಪುರಿ ಚಪ್ಪಲ್ ಮಾಡುವ ಸಮಗಾರ, ಢೋರ ಸಮಾಜದ ಮನೆಗಳು ನಿಮಗೆಲ್ಲ ಗೊತ್ತು. ತಲೆಮಾರುಗಳಿಂದ ಮಾಲು ನಮ್ಮದು, ರೇಟು ವ್ಯಾಪಾರಿದು. ಈಗ ಆ ಮನೆಗಳ ಹುಡುಗರು ಡಿಗ್ರಿ ಮುಗಿಸ್ಯಾರ. ಮೊಬೈಲಿನಾಗ ಫೋಟೊ ಹಾಕಿ, ನಡುವಿನವರನ್ನ ಬಿಟ್ಟು ನೇರ ಗಿರಾಕಿಗೆ ಮಾರಾಕತ್ತಾರ. ಇದು ಸಣ್ಣ ಮಾತಲ್ಲ. ಆಫೀಸು ಮುಗಿದ ಮೇಲೆ ನಾನು ಅಂಥ ನಾಲ್ಕೈದು ಹುಡುಗರ ಬಿಲ್ಲು, ಅರ್ಜಿ, ದೂರು ಬರೆದುಕೊಡುತ್ತೇನೆ. ಅದರಾಗ ಪದೇ ಪದೇ ಬರೋ ತಂಟೆ ಒಂದೇ: ಆರ್ಡರ್ ಆದ ಮೇಲೆ ಗಿರಾಕಿ "ವಿಳಾಸ ಬದಲಿಸಿ" ಅನ್ನೋದು.

ಒಂದು ಪ್ರಸಂಗ ಹೇಳ್ತೀನಿ. ಹೋದ ವರ್ಷ ದಸರಾ ಮುಂದ ಒಬ್ಬ ಹುಡುಗಗ ಒಂದು ಆನ್‌ಲೈನ್ ವೇದಿಕೆಯಲ್ಲಿ ಐದು ಜೋಡಿಗೆ ಆರ್ಡರ್ ಬಂತು. ವಿಳಾಸ ಬೆಂಗಳೂರಿನದು, ಹಣ ಮೊದಲೇ ಕಟ್ಟಿದ್ದರು. ಮರುದಿನ ವಾಟ್ಸಾಪಿನಾಗ ಮೆಸೇಜು: "ನಾನು ಊರಲ್ಲಿಲ್ಲ, ಪುಣೆಯ ಈ ವಿಳಾಸಕ್ಕೆ ಕಳಿಸಿ, ಅರ್ಜೆಂಟ್." ಹುಡುಗ ವೇದಿಕೆಯವರು ಕೊಟ್ಟ ಲೇಬಲ್ ಬಿಟ್ಟು, ತಾನೇ ಬ್ಯಾರೆ ಕಡೆಯಿಂದ ಪುಣೆಗೆ ಕಳಿಸಿದ. ಮಾಲು ಮುಟ್ಟಿತು. ಹತ್ತು ದಿನಕ್ಕ ಅದೇ ಗಿರಾಕಿ ದೂರು ಕೊಟ್ಟ: "ನನ್ನ ವಿಳಾಸಕ್ಕೆ ಏನೂ ಬಂದಿಲ್ಲ." ವೇದಿಕೆಯ ದಾಖಲೆಯಲ್ಲಿ ಬೆಂಗಳೂರು, ಹುಡುಗನ ರಸೀದಿಯಲ್ಲಿ ಪುಣೆ. ಹಣ ಗಿರಾಕಿಗೆ ವಾಪಸ್ ಹೋಯ್ತು. ಏಳು ಸಾವಿರ ರೂಪಾಯಿ. ಅವನ ಅವ್ವ ರಾತ್ರಿ ಕುಂತು ಹೆಣೆದ ಪಟ್ಟಿಗಳೂ ಅದರಾಗ ಹೋದ್ವು.

"ಯಾಕ ಒಪ್ಪಿದಿ ತಮ್ಮಾ?" ಅಂತ ಕೇಳಿದೆ. "ಕಾಕಾ, ಭಾಳ ದೊಡ್ಡ ಮನುಷ್ಯಾರಂಗ ಮಾತಾಡಿದ್ರು. ಇಲ್ಲ ಅನ್ನಾಕ ಬಾಯೇ ಬರಲಿಲ್ಲ" ಅಂದ.

ನನ್ನ ತಕರಾರು ಇರೋದು ಈ ಮಾತಿನ ಜೊತೆ. ಮೋಸಗಾರರು ಎಲ್ಲ ಜಾತಿಯ ವ್ಯಾಪಾರಿಗಳಿಗೂ ಮೋಸ ಮಾಡ್ತಾರ, ಒಪ್ಪೋಣ. ಆದ್ರ ಬಾಯಿಮಾತಿನ ಮೇಲೆ ಕೆಲಸ ಮಾಡಿ, ಆಮೇಲೆ "ನಾನು ಹೇಳೇ ಇಲ್ಲ" ಅನ್ನಿಸಿಕೊಳ್ಳೋದು ನಮ್ಮ ಮಂದಿಗೆ ಹೊಸದಲ್ಲ. ಹೊಲದ ಕೂಲಿಯಿಂದ ಹಿಡಿದು ಸತ್ತ ದನ ಎತ್ತೋತನಕ ನಮ್ಮ ದುಡಿಮೆಗೆ ಕಾಗದ ಇರಲಿಲ್ಲ, ದೊಡ್ಡವರ ಮಾತೇ ಕಾಗದ. ಆ ರೂಢಿ ಈಗ ಮೊಬೈಲಿನೊಳಗೂ ಬಂದು ಕುಂತೈತಿ. ಅದಕ್ಕ ನಾನು ಹೇಳೋದು: ವಿಳಾಸ ಬದಲಾವಣೆಗೆ ಬರೆದಿಟ್ಟ ಒಂದು ನಿಯಮ ಬೇಕು. ಅದು ಎಲ್ಲ ಗಿರಾಕಿಗೂ ಒಂದೇ ಇರಬೇಕು. ಬರೆದ ನಿಯಮದ ಬೆಲೆ ಬಾಬಾಸಾಹೇಬರ ಮಕ್ಕಳಿಗೆ ಬ್ಯಾರೆಯವರು ಕಲಿಸಬೇಕಾಗಿಲ್ಲ.

ನಾನು ಆಫೀಸಿನಾಗ ಆವಕ-ಜಾವಕ ನೋಡುವ ಗುಮಾಸ್ತ. ಜಾವಕ ವಹಿಯಲ್ಲಿ ಒಂದು ವಿಳಾಸ ಬರೆದು, ಲಕೋಟೆ ಮೇಲೆ ಇನ್ನೊಂದು ಬರೆದರೆ ಸಾಹೇಬರು ನನ್ನನ್ನೇ ಕೇಳ್ತಾರ. ತಿದ್ದಬೇಕಂದ್ರ ಹಳೇದನ್ನ ಗೆರೆ ಎಳೆದು, ಹೊಸದು ಬರೆದು, ಸಹಿ ಹಾಕಬೇಕು. ಆನ್‌ಲೈನ್ ವ್ಯಾಪಾರದಾಗೂ ಇಷ್ಟೇ. ಹುಡುಗರಿಗೆ ನಾನು ಬರೆದುಕೊಟ್ಟ ನಿಯಮ ಇಲ್ಲಿ ಹಾಕ್ತೀನಿ, ಬೇಕಾದವರು ತಗೊಳ್ರಿ.

1. ವೇದಿಕೆಯ ಮೂಲಕ ಬಂದ ಆರ್ಡರ್ ಆದ್ರ, ಅಲ್ಲಿ ದಾಖಲಾದ ವಿಳಾಸ ಬಿಟ್ಟು ಬ್ಯಾರೆ ಕಡೆ ಕಳಿಸೋದೇ ಇಲ್ಲ. ಗಿರಾಕಿ ತನ್ನ ಖಾತೆಯಿಂದಲೇ ವಿಳಾಸ ಬದಲಿಸಲಿ. ಆಗದಿದ್ದರೆ ಆ ಆರ್ಡರ್ ರದ್ದು ಮಾಡಿ, ಹೊಸ ವಿಳಾಸದಿಂದ ಮತ್ತೆ ಆರ್ಡರ್ ಹಾಕಲಿ. ಪ್ರಾಮಾಣಿಕ ಗಿರಾಕಿಗೆ ಇದು ಐದು ನಿಮಿಷದ ಕೆಲಸ. ಪರದೇಶದ ಗಿರಾಕಿಗಳ ಪೇಪಾಲ್‌ನಲ್ಲೂ ಇದೇ ಕಟ್ಟು: ವ್ಯವಹಾರದ ಪುಟದಾಗ ಇರುವ ವಿಳಾಸಕ್ಕೆ ಕಳಿಸಿದರೆ ಮಾತ್ರ ಮಾರುವವನಿಗೆ ರಕ್ಷಣೆ.

2. ವಾಟ್ಸಾಪಿನಾಗ ನೇರ ಮಾರಿದ್ದಾದ್ರ, ಪಾರ್ಸಲ್ ಹೊರಡುವ ಮೊದಲು ಒಂದು ಸಲ ಬದಲಿಸಬಹುದು. ಆರ್ಡರ್ ಕೊಟ್ಟ ನಂಬರಿನಿಂದಲೇ, ಬರಹದಲ್ಲಿ ಕೇಳಬೇಕು. ಹೊಸ ವಿಳಾಸವನ್ನ ಪಿನ್‌ಕೋಡ್ ಸಮೇತ ನಾವು ತಿರುಗಿ ಬರೆದು ಕಳಿಸಬೇಕು. "ಹೌದು" ಅಂತ ಉತ್ತರ ಬಂದ ಮೇಲೆ ಸ್ಕ್ರೀನ್‌ಶಾಟ್ ತೆಗೆದಿಟ್ಟು ಲೇಬಲ್ ಬರೀರಿ. ಫೋನಿನಾಗ ಹೇಳಿದ್ದು ಲೆಕ್ಕಕ್ಕಿಲ್ಲ.

3. ಪಾರ್ಸಲ್ ಹೊರಟ ಮೇಲೆ ನಾವು ಯಾವ ಮಾತೂ ಕೊಡಬಾರದು. ಅಂಚೆಯಲ್ಲಿ ಕಳಿಸಿದ್ದಾದರೆ ವಾಪಸ್ ತರಿಸಲು ಕಳಿಸಿದವರು ಅರ್ಜಿ ಕೊಡಬಹುದು, ಆದ್ರ ಮಾಲು ತಿರುಗಿ ನಮ್ಮ ಕೈಗೆ ಬಂದ ಮೇಲೇನೇ ಮುಂದಿನ ಮಾತು. 2025ರ ಅಕ್ಟೋಬರ್ 1ರಿಂದ ಸ್ಪೀಡ್ ಪೋಸ್ಟ್‌ನಲ್ಲಿ ಓಟಿಪಿ ಕೊಟ್ಟು ಪಡೆಯುವ ಸೌಲಭ್ಯ ಐತಿ. 5 ರೂಪಾಯಿ ಮತ್ತು ಜಿಎಸ್‌ಟಿ ಹೆಚ್ಚು ಬೀಳ್ತದ. ತುಟ್ಟಿ ಮಾಲಿಗೆ ಅದನ್ನ ಹಾಕಿಸ್ರಿ.

4. "ಪಾರ್ಸಲ್ ನಿಂತೈತಿ, ಲಿಂಕ್ ಒತ್ತಿ ವಿಳಾಸ ಸರಿ ಮಾಡಿ" ಅಂತ ಅಂಚೆ ಇಲಾಖೆ ಹೆಸರಿನಾಗ ಸುಳ್ಳು ಮೆಸೇಜುಗಳು ಓಡಾಡ್ತಾವ. ನಾವು ಅಂಥ ಲಿಂಕ್ ಕಳಿಸೋದಿಲ್ಲ ಅಂತ ಗಿರಾಕಿಗೆ ಮೊದಲೇ ತಿಳಿಸ್ರಿ. ಹಣ ಹೋಗಿದ್ದರೆ ತಡ ಮಾಡದೆ 1930ಕ್ಕೆ ಫೋನ್ ಮಾಡ್ರಿ.

ಗಡಿ ಭಾಗದವರಾದ ನಮಗೆ ಇನ್ನೊಂದು ತೊಡಕು ಐತಿ. ಜಿಎಸ್‌ಟಿ ನೋಂದಣಿ ಇಲ್ಲದ ಸಣ್ಣ ಮಾರಾಟಗಾರರಿಗೂ ಆನ್‌ಲೈನ್ ವೇದಿಕೆಗಳಲ್ಲಿ ಮಾಲು ಮಾರಲು 2023ರ ಅಕ್ಟೋಬರ್ 1ರಿಂದ ಅವಕಾಶ ಸಿಕ್ಕಿದೆ. ಆದರೆ ತಮ್ಮ ರಾಜ್ಯದ ಒಳಗೆ ಮಾತ್ರ. ನಮಗ ಮಿರಜ ಅಂದ್ರ ಸಂತಿಗೆ, ದವಾಖಾನಿಗೆ ಹೋಗೋ ಊರು. ಜಿಎಸ್‌ಟಿಗೆ ಅದು ಪರರಾಜ್ಯ. ಪಿನ್‌ಕೋಡು 591ರ ಬದಲು 416ರಿಂದ ಶುರುವಾದರೆ ಮಾರಾಟದ ಸ್ವರೂಪವೇ ಬದಲಾಯ್ತು. ನೋಂದಣಿ ಇದ್ದವರ ಬಿಲ್ಲಿನಲ್ಲೂ ಸಿಜಿಎಸ್‌ಟಿ, ಎಸ್‌ಜಿಎಸ್‌ಟಿ ಹೋಗಿ ಐಜಿಎಸ್‌ಟಿ ಬರಬೇಕು. "ಚಿಕ್ಕೋಡಿ ಬ್ಯಾಡ, ಸಾಂಗಲಿಗೆ ಕಳಿಸ್ರಿ" ಅನ್ನೋ ಒಂದು ಸಾಲಿನ ಹಿಂದ ಇಷ್ಟು ಐತಿ. ಹುಡುಗರಿಗೆ ಇದನ್ನ ಯಾರೂ ಹೇಳಿಕೊಟ್ಟಿಲ್ಲ.

ಈಗ ಇನ್ನೊಂದು ಮಗ್ಗಲು. ವಿಳಾಸ ಬದಲಿಸಿ ಅನ್ನೋರೆಲ್ಲ ಕಳ್ಳರಲ್ಲ. ನಮ್ಮ ಹುಡುಗರ ಗಿರಾಕಿಗಳಲ್ಲಿ ನಮ್ಮವರೇ ಎಷ್ಟೋ ಮಂದಿ ಅದಾರ. ಪರೀಕ್ಷೆ ಮುಗಿದು ಹಾಸ್ಟೆಲ್ ಬಿಟ್ಟ ಹುಡುಗಿ, ಕಬ್ಬು ಕಡಿಯೋ ಗ್ಯಾಂಗಿನ ಜೊತೆ ಊರೂರು ತಿರುಗುವ ದಂಪತಿ, ಬೆಂಗಳೂರಿನಾಗ ಹೆಸರು, ಅಡ್ಡಹೆಸರು ಕೇಳಿದ ಮೇಲೆ ಮನೆ ಬಿಡಿಸಿಕೊಂಡ ನೌಕರ. ಬಾಬಾಸಾಹೇಬರು ಕೊಲಂಬಿಯಾದಲ್ಲಿ ಓದಿ ಬಂದು, 1917ರಲ್ಲಿ ಬರೋಡಾ ಸಂಸ್ಥಾನದ ನೌಕರಿಗೆ ಹೋದಾಗ ಅವರಿಗೇ ಆ ಊರಲ್ಲಿ ಒಂದು ವಿಳಾಸ ಸಿಗಲಿಲ್ಲ. ಪಾರ್ಸಿ ಹೆಸರು ಹೇಳಿ ಪಾರ್ಸಿಗಳ ವಸತಿಗೃಹದಲ್ಲಿ ಉಳಿದರು. ಜಾತಿ ಗೊತ್ತಾದ ಮೇಲೆ ಕೋಲು ಹಿಡಿದು ಬಂದವರು ಅಲ್ಲಿಂದಲೂ ಹೊರಹಾಕಿದರು. ಸ್ಥಿರ ವಿಳಾಸ ಇರೋದೂ ಈ ದೇಶದಾಗ ಒಂದು ಸವಲತ್ತು.

ಕೇರಿಯ ವಿಳಾಸ ಕೊಟ್ಟರೆ ಡೆಲಿವರಿ ಹುಡುಗ "ಬಸ್‌ಸ್ಟ್ಯಾಂಡಿಗೆ ಬಂದು ತಗೊಂಡು ಹೋಗ್ರಿ" ಅನ್ನೋದು ನಮಗ ಹೊಸದೇನಲ್ಲ. ಅದಕ್ಕೇ ಎಷ್ಟೋ ಮಂದಿ ಪ್ಯಾಟಿಯ ಯಾವುದೋ ಅಂಗಡಿ ವಿಳಾಸ ಕೊಡ್ತಾರ. ಅಂಚೆ ಇಲಾಖೆ 2025ರ ಮೇ 27ರಂದು ಡಿಜಿಪಿನ್ ತಂದಿದೆ. ಹತ್ತು ಅಕ್ಷರ-ಅಂಕಿಗಳಲ್ಲಿ ನಾಲ್ಕು ಮೀಟರ್ ಚೌಕದ ಜಾಗವನ್ನೂ ತೋರಿಸಬಹುದು. ಒಳ್ಳೇದೇ. ಆದ್ರ ಜಾಗ ಗೊತ್ತಾಗೋದು ಬ್ಯಾರೆ, ಕೇರಿಯೊಳಗ ಕಾಲಿಡೋದು ಬ್ಯಾರೆ. ಹಾಗಾಗಿ ಎರಡನೇ ನಿಯಮದಾಗ ಒಂದು ಸಲ ಬದಲಿಸೋ ದಾರಿ ಬಿಟ್ಟಿದ್ದು ಸುಮ್ಮನೆ ಅಲ್ಲ. ಮಾಲು ಕಳಿಸುವ ಹಿಂದಿನ ದಿನ ನಾವೇ ಕೇಳೋಣ: "ಈ ವಿಳಾಸದಾಗ ನೀವು ಸಿಗ್ತೀರಿ? ಇಲ್ಲಂದ್ರ ಈಗಲೇ ಹೇಳ್ರಿ." ಇಷ್ಟು ಕೇಳಿದರೆ ಅರ್ಧ ಜಗಳ ಅಲ್ಲೇ ಮುಗೀತದ.

ಕೊನೆಗೆ ಕಳಿಸುವವರ ವಿಳಾಸದ ಮಾತು. "ಕೊಲ್ಹಾಪುರಿ ಅಂತೀರಿ, ಪಾರ್ಸಲ್ ಮೇಲೆ ರಾಯಬಾಗ ಯಾಕೆ? ಡೂಪ್ಲಿಕೇಟಾ?" ಅಂತ ಗಿರಾಕಿ ಕೇಳ್ತಾರ. "ಕೊಲ್ಹಾಪುರದ ವಿಳಾಸ ಹಾಕ್ರಿ, ಮಾಲು ಬೇಗ ಹೋಗ್ತದ" ಅಂತ ಕೆಲವು ವ್ಯಾಪಾರಿಗಳು ಬುದ್ಧಿ ಹೇಳ್ತಾರ. ಬ್ಯಾಡ. 2019ರಲ್ಲಿ ಬಂದ ಜಿಐ ಮಾನ್ಯತೆ ಮಹಾರಾಷ್ಟ್ರದ 4 ಜಿಲ್ಲೆಗಳಿಗೂ, ಕರ್ನಾಟಕದ ಬೆಳಗಾವಿ, ಬಾಗಲಕೋಟೆ, ವಿಜಯಪುರ, ಧಾರವಾಡಕ್ಕೂ ಸೇರಿದ್ದು. ನಮ್ಮ ಚಪ್ಪಲ್ ಯಾರದೋ ನಕಲು ಅಲ್ಲ. 2025ರ ಜೂನ್‌ನಲ್ಲಿ ಮಿಲಾನಿನ ಪ್ರಾಡಾ ಕಂಪನಿ ಅಂಥದೇ ಚಪ್ಪಲ್ ತೋರಿಸಿ ಊರ ಹೆಸರು ಹೇಳದೆ ಇದ್ದಾಗ ಇಡೀ ದೇಶ ಕೂಗಿತು, ಆಮೇಲೆ ಅವರು ಮೂಲ ಒಪ್ಪಿಕೊಂಡರು. ಪ್ರಾಡಾಗೆ ಕೇಳಿದ ಪ್ರಶ್ನೆ ನಮ್ಮ ವ್ಯಾಪಾರಿಗಳಿಗೂ ಕೇಳೋಣ.

ವಿಳಾಸದಾಗ ಜಾತಿ ಗೊತ್ತಾಗ್ತದ ಅಂತ ಅಂಜೋ ಹುಡುಗರೂ ಅದಾರ. ಅವರನ್ನ ಬೈಯಬ್ಯಾಡ್ರಿ. ಜಾತಿ ಹೆಸರಿನ ವಸತಿಗಳ ಹೆಸರು ಬದಲಿಸಲು ಮಹಾರಾಷ್ಟ್ರ ಸರ್ಕಾರ 2020ರ ಡಿಸೆಂಬರ್‌ನಲ್ಲಿ ತೀರ್ಮಾನಿಸಿತು. ಕೇರಳ 2024ರ ಜೂನ್‌ನಲ್ಲಿ 'ಕಾಲನಿ' ಅನ್ನೋ ಪದವನ್ನೇ ಕೈಬಿಟ್ಟಿತು. ಗಲ್ಲಿ ಹೆಸರು ಬಿಟ್ಟು ಮನೆ ನಂಬರ್, ಪಿನ್‌ಕೋಡ್ ಹಾಕಿದರೂ ಪಾರ್ಸಲ್ ತಿರುಗಿ ಬರ್ತದ. ಅಂಬೇಡ್ಕರ್ ನಗರ ಅಂತ ದೊಡ್ಡದಾಗಿ ಬರೆದರೂ ಬರ್ತದ. ಅದು ಅವರವರ ಇಷ್ಟ. ಬ್ಯಾರೆಯವರ ಊರಿನ ಸುಳ್ಳು ವಿಳಾಸ ಮಾತ್ರ ಹಾಕಬ್ಯಾಡ್ರಿ.

ನನ್ನ ಬೇಡಿಕೆ ಎರಡು. ಲಿಡ್ಕರ್‌ನ ತರಬೇತಿಗಳಲ್ಲಿ ಹೊಲಿಗೆ, ವಿನ್ಯಾಸದ ಜೊತೆ ಆನ್‌ಲೈನ್ ಆರ್ಡರ್, ವಿಳಾಸ, ಹಣ ವಾಪಸಾತಿ, ಜಿಎಸ್‌ಟಿ ಬಗ್ಗೆಯೂ ಒಂದು ದಿನ ಕನ್ನಡದಲ್ಲಿ ಹೇಳಿಕೊಡಬೇಕು. ಎರಡನೇದು ನಮಗ ನಾವೇ ಮಾಡಿಕೊಳ್ಳೋದು: ಓದು ಬರಹ ಬಲ್ಲ ಸಂಘಟನೆಯ ಗೆಳೆಯರು ತಮ್ಮ ಊರಿನ ಒಬ್ಬ ಚಪ್ಪಲ್ ಮಾರೋ ಹುಡುಗನ ಜೊತೆ ಒಂದು ಸಂಜೆ ಕುಂತು ಮೇಲಿನ ನಾಲ್ಕು ನಿಯಮ ಅವನ ಪುಟದಾಗ ಹಾಕಿಸ್ರಿ. ನಿಮ್ಮ ಊರಾಗ ಇಂಥ ಪ್ರಸಂಗ ಆಗಿದ್ರ, ಹೆಸರು ನಂಬರು ಹಾಕದೆ ಕಮೆಂಟಿನಾಗ ಬರೀರಿ. ಎಲ್ಲ ಸೇರಿಸಿ ಒಂದು ಮನವಿ ಮಾಡೋಣ. ಬರೆಯೋ ಕೆಲಸ ನಂದು.

ಜೈ ಭೀಮ್.