ಹುಲ್ಲಿನಿಂದ ಹಾದಿ

ಪಂಜಾಬು, ಹರಿಯಾಣಗಳ ರೈತರು ಭತ್ತವನ್ನು ಕೊಯ್ದೊಡನೆ ಗೋಧಿಯನ್ನು ಬಿತ್ತುವ ಅವಸರದಲ್ಲಿ ಗದ್ದೆಯ ಹುಲ್ಲಿಗೆ ಬೆಂಕಿಯಿಡುವರೆಂಬುದನ್ನೂ, ಆ ಹೊಗೆಯು ದಿಲ್ಲಿಯವರೆಗೆ ಕವಿಯುವುದೆಂಬುದನ್ನೂ ನಮ್ಮ ವಾಚಕರು ಕೇಳಿಯೇ ಇರುವರು. ಹುಲ್ಲಿಗೆ ಬಿಗಿಯನ್ನು ಕೊಡುವ ವಸ್ತುಗಳಲ್ಲಿ ಲಿಗ್ನಿನ್ ಎಂಬುದೊಂದು. ಇಂತಹ ಬೆಳೆಯ ಕಸದಿಂದ ಅದನ್ನು ತೆಗೆದು ಡಾಮರಿನೊಡನೆ ಬೆರಸಿ ಹಾಸಿದ 1 ಕಿಲೋಮೀಟರು ಹಾದಿಯು 2024ರ ಡಿಸೆಂಬರಿನಲ್ಲಿ ನಾಗಪುರ–ಮನ್ಸರ್ ಹೆದ್ದಾರಿಯಲ್ಲಿ ಸಂಚಾರಕ್ಕೆ ತೆರೆಯಿತು. ಹುಲ್ಲೇ ಹಾದಿಯಾಯಿತೆಂದು ಹಿಗ್ಗಬೇಕಾಗಿಲ್ಲ; ಬೆರಕೆಯಲ್ಲಿ ಹೆಚ್ಚಿನ ಪಾಲು ಹಳೆಯ ಡಾಮರೇ. ಆದರೂ ಹೊರದೇಶಗಳಿಂದ ಡಾಮರನ್ನು ತರಿಸುವ ನಮಗೆ ಅಷ್ಟೂ ಉಳಿತಾಯವೇ ಸರಿ.

ನಮ್ಮ ಸೀಮೆಯಲ್ಲಾದರೋ ಹುಲ್ಲು ದನಗಳ ಗ್ರಾಸ. ಬಣವೆಯನ್ನು ರಸ್ತೆಗೆ ಸುರಿಯುವುದನ್ನು ನಾವು ಒಪ್ಪಲಾರೆವು. ಸುಡುವ ಹುಲ್ಲನ್ನು ಕೊಳ್ಳಲಿ. ಕಟ್ಟಿ ಸಾಗಿಸುವ ಕೂಲಿಗಿಂತ ಬೆಂಕಿಕಡ್ಡಿ ಅಗ್ಗವೆಂದೇ ಅಲ್ಲವೆ ರೈತನು ಸುಡುತ್ತಿರುವುದು? ಆ ಕೂಲಿಯನ್ನು ಕೊಡತಕ್ಕವರು ಯಾರೆಂಬುದು ಮೊದಲು ಗೊತ್ತಾಗಲಿ.